ಎರಡನೇ ಪ್ರಶ್ನೆಗೆ ಉತ್ತರ ಸಿಗುತ್ತಾ? ಎಎಂಎ ಸೆಷನ್‌ಗಳಲ್ಲಿ ವರ್ಷಗಟ್ಟಲೆ ಕೂತವರೊಬ್ಬರ ವಿಮರ್ಶೆ

ಆನ್‌ಲೈನ್ ಪ್ರಶ್ನೋತ್ತರ ಸೆಷನ್ ಚೆನ್ನಾಗಿತ್ತೋ ಇಲ್ಲವೋ ಅಂತ ತೀರ್ಮಾನಿಸಲು ನಾನು ಒಂದೇ ಒಂದು ವಿಷಯ ನೋಡುತ್ತೇನೆ. ಎರಡನೇ ಪ್ರಶ್ನೆಗೆ ಉತ್ತರ ಬಂತಾ? ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಆ ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ, ಎಷ್ಟೋ ಸಂದರ್ಶನಗಳಲ್ಲಿ ಹೇಳಿ ಹೇಳಿ ಸವೆದಿರುತ್ತದೆ. "ಸರಿ, ಹಾಗಾದರೆ ಇದು ಯಾಕೆ ಹೀಗೆ?" ಅಂತ ಅದರ ಕೆಳಗೇ ಇನ್ನೊಂದು ಕೇಳಿ ನೋಡಿ. ಹೆಚ್ಚಿನವರು ಅಲ್ಲಿಂದ ನಾಪತ್ತೆ. ಕೆಲವರು ಮಾತ್ರ ತಿರುಗಿ ಬರುತ್ತಾರೆ. ಆ ಕೆಲವರಿಗಾಗಿಯೇ ನಾನು ಈ ಸೆಷನ್‌ಗಳನ್ನು ಇನ್ನೂ ಬಿಟ್ಟಿಲ್ಲ.

ರೆಡಿಟ್ ಅನ್ನುವ ಚರ್ಚಾ ಜಾಲತಾಣದ ಎಎಂಎ, ಅಂದರೆ "ಏನು ಬೇಕಾದರೂ ಕೇಳಿ" ಅನ್ನುವ ಸೆಷನ್, ನನ್ನ ಮುಖ್ಯ ಜಾಗ. ಅದರ ಜೊತೆಗೆ ಎಕ್ಸ್‌ನ (ಹಿಂದಿನ ಟ್ವಿಟರ್) ಹ್ಯಾಷ್‌ಟ್ಯಾಗ್ ಪ್ರಶ್ನೋತ್ತರ, ಇನ್‌ಸ್ಟಾಗ್ರಾಂ ಸ್ಟೋರಿಯ ಪ್ರಶ್ನೆ ಸ್ಟಿಕ್ಕರ್, ಯೂಟ್ಯೂಬ್ ಲೈವ್ ಚಾಟ್ ಎಲ್ಲವನ್ನೂ ಬಳಸಿದ್ದೇನೆ. ಎಲ್ಲ ಕಡೆ ಕಥೆ ಒಂದೇ, ನಾವು ಪ್ರಶ್ನೆ ಬರೆಯುತ್ತೇವೆ, ಅತಿಥಿ ಬೇಕಾದದ್ದಕ್ಕೆ ಉತ್ತರ ಕೊಡುತ್ತಾರೆ. ಕಾಸು ಕೊಟ್ಟು ಪ್ರಶ್ನೆ ಕೇಳುವುದಿಲ್ಲ ಅನ್ನುವುದು ನನ್ನ ನಿಯಮ. ಖರ್ಚಾಗುವುದು ನಿದ್ದೆ ಮಾತ್ರ. ಅತಿಥಿಯ ಮಧ್ಯಾಹ್ನ ಸಾಮಾನ್ಯವಾಗಿ ನನ್ನ ನಡುರಾತ್ರಿ ಆಗಿರುತ್ತದೆ.

ನನ್ನ ತಯಾರಿ ನೋಡಿದರೆ ನಿಮಗೆ ನಗು ಬರಬಹುದು. ಸೆಷನ್ ಘೋಷಣೆ ಆದ ದಿನವೇ ಫೋನಿನ ನೋಟ್ಸ್‌ನಲ್ಲಿ ಒಂದು ಪುಟ ತೆರೆಯುತ್ತೇನೆ. ತಲೆಗೆ ಬಂದ ಪ್ರಶ್ನೆಗಳನ್ನೆಲ್ಲ ಅದರಲ್ಲಿ ಸುರಿಯುತ್ತೇನೆ. ಆಮೇಲೆ ಒಂದೊಂದಾಗಿ ಕತ್ತರಿಸುತ್ತೇನೆ. ಹಳೆಯ ಸಂದರ್ಶನದಲ್ಲಿ ಉತ್ತರ ಇರುವ ಪ್ರಶ್ನೆ ಹೋಯಿತು. "ನಿಮಗೆ ಸ್ಫೂರ್ತಿ ಯಾರು" ಜಾತಿಯದು ಹೋಯಿತು. ಹೌದು ಅಥವಾ ಇಲ್ಲ ಅಂದು ಮುಗಿಸಬಹುದಾದದ್ದೂ ಹೋಯಿತು. ಕೊನೆಗೆ ಉಳಿಯುವುದು ಒಂದು. ಅದನ್ನು ಎರಡು ಸಾಲಿಗೆ ಇಳಿಸುತ್ತೇನೆ. "ನಾನು ನಿಮ್ಮ ದೊಡ್ಡ ಅಭಿಮಾನಿ" ಅನ್ನುವ ಮೊದಲ ವಾಕ್ಯವನ್ನು ಪ್ರತಿ ಸಲ ಬರೆಯುತ್ತೇನೆ, ಪ್ರತಿ ಸಲ ಅಳಿಸುತ್ತೇನೆ. ಅದರ ಕೆಳಗೆ, ಅವರು ಹೀಗೆ ಹೇಳಿದರೆ ಇದನ್ನು ಕೇಳಬೇಕು, ಹಾಗೆ ಹೇಳಿದರೆ ಅದನ್ನು ಕೇಳಬೇಕು ಅಂತ ಮರುಪ್ರಶ್ನೆಗಳನ್ನೂ ಬರೆದಿಡುತ್ತೇನೆ. ನಿಜ ಹೇಳಬೇಕೆಂದರೆ ಸೆಷನ್‌ಗಿಂತ ಈ ತಯಾರಿಯೇ ನನಗೆ ಜಾಸ್ತಿ ಇಷ್ಟ. ಒಬ್ಬ ಮನುಷ್ಯನನ್ನು ಒಂದೇ ಒಂದು ವಿಷಯ ಕೇಳಬಹುದು ಅಂದಾಗ ಏನು ಕೇಳುತ್ತೀರಿ? ಕೂತು ಯೋಚಿಸಿದರೆ ಅವರ ಕೆಲಸದ ಬಗ್ಗೆ ನಮಗೆ ಎಷ್ಟು ಕಡಿಮೆ ಗೊತ್ತು ಅಂತ ಅರ್ಥವಾಗುತ್ತದೆ.

ಥ್ರೆಡ್, ಅಂದರೆ ಪ್ರಶ್ನೆ ಉತ್ತರಗಳೆಲ್ಲ ಬರುವ ಪುಟ, ತೆರೆದ ಮೊದಲ ಕೆಲವು ನಿಮಿಷಗಳಲ್ಲೇ ಆಟ ಮುಗಿದಿರುತ್ತದೆ. ಬೇಗ ಬಂದ ಪ್ರಶ್ನೆಗೆ ಓದುಗರ ವೋಟು ಬೇಗ ಬೀಳುತ್ತದೆ. ವೋಟು ಬಿದ್ದದ್ದು ಮೇಲೆ ಹೋಗುತ್ತದೆ, ಮೇಲೆ ಇರುವುದಕ್ಕೆ ಇನ್ನಷ್ಟು ವೋಟು ಬೀಳುತ್ತದೆ. ತಡವಾಗಿ ಬಂದ ಒಳ್ಳೆಯ ಪ್ರಶ್ನೆ ತಳದಲ್ಲಿ ಕೂತು ಕೊಳೆಯುತ್ತದೆ. ಅತಿಥಿ ಕೆಳಗಿನವರೆಗೆ ಸ್ಕ್ರಾಲ್ ಮಾಡುವುದು ಅಪರೂಪ. ಅಂದರೆ ಅವರು ಏನು ಮಾತಾಡಬೇಕು ಅನ್ನುವುದನ್ನು ಅವರೂ ನಿರ್ಧರಿಸುವುದಿಲ್ಲ, ನಾವೂ ಅಲ್ಲ. ಗುಂಪು ನಿರ್ಧರಿಸುತ್ತದೆ. ಗುಂಪಿಗೆ ತಮಾಷೆ ಬೇಕು. "ಕುದುರೆ ಗಾತ್ರದ ಒಂದು ಬಾತುಕೋಳಿಯ ಜೊತೆ ಹೊಡೆದಾಡುತ್ತೀರೋ, ಬಾತುಕೋಳಿ ಗಾತ್ರದ ನೂರು ಕುದುರೆಗಳ ಜೊತೆಯೋ" ಅನ್ನುವ ಪ್ರಶ್ನೆ ಎಷ್ಟು ಸೆಷನ್‌ಗಳಲ್ಲಿ ಬಂದಿದೆಯೋ ಲೆಕ್ಕವಿಲ್ಲ. ಮೊದಲ ಸಲ ನಕ್ಕಿದ್ದೆ. ಈಗ ಕಂಡ ತಕ್ಷಣ ಆ ಕಾಮೆಂಟನ್ನು ಮಡಚಿಬಿಡುತ್ತೇನೆ.

ದೊಡ್ಡವರ ಸೆಷನ್ ಅಂದರೆ ಎಲ್ಲರೂ ಹೇಳುವುದು ಬರಾಕ್ ಒಬಾಮಾ ಅವರದು. 2012ರ ಆಗಸ್ಟ್ 29, ಚುನಾವಣೆಯ ವರ್ಷ. ಅಧಿಕಾರದಲ್ಲಿದ್ದ ಅಮೆರಿಕದ ಅಧ್ಯಕ್ಷರು ಲ್ಯಾಪ್‌ಟಾಪ್ ಮುಂದೆ ಕೂತ ಫೋಟೋ ಹಾಕಿ, ನಾನೇ ಬಂದಿದ್ದೇನೆ ಅಂದರು. ಜನ ನುಗ್ಗಿದ ರಭಸಕ್ಕೆ ಸೈಟ್ ತತ್ತರಿಸಿತು, ಎಷ್ಟೋ ಜನರಿಗೆ ಪುಟವೇ ತೆರೆಯಲಿಲ್ಲ. ಸುಮಾರು ಅರ್ಧ ಗಂಟೆ ಇದ್ದರು, ಹತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆ ಥ್ರೆಡ್ ಈಗಲೂ ಓದಲು ಸಿಗುತ್ತದೆ, ಓದಿ ನೋಡಿ. ಶ್ವೇತಭವನದ ಬಿಯರ್ ತಯಾರಿಸುವ ವಿಧಾನ ಸದ್ಯದಲ್ಲೇ ಹೊರಬರುತ್ತದೆ ಅಂದ ಸಾಲು ಮಜವಾಗಿದೆ. ಉಳಿದದ್ದು ಬಹುಪಾಲು ಚುನಾವಣಾ ಭಾಷಣದ ತುಂಡುಗಳ ಹಾಗಿದೆ. ತಪ್ಪು ಅವರದಲ್ಲ ಬಿಡಿ. ಮೂರು ನಿಮಿಷಕ್ಕೊಂದು ಉತ್ತರ ಟೈಪ್ ಮಾಡುವವರು ಮರುಪ್ರಶ್ನೆ ಓದುವುದಾದರೂ ಯಾವಾಗ? ಅವರು ಬಂದದ್ದು ದೊಡ್ಡ ಸುದ್ದಿ. ಮಾತುಕತೆ ಅಂತೂ ನಡೆಯಲಿಲ್ಲ.

ಅದೇ ವರ್ಷ ಫೆಬ್ರವರಿಯಲ್ಲಿ ಹಾಲಿವುಡ್ ನಟ ವುಡಿ ಹ್ಯಾರೆಲ್ಸನ್ ಬಂದಿದ್ದರು. ಅವರ ಹೊಸ ಸಿನಿಮಾ ಬಿಡುಗಡೆಗೆ ಇತ್ತು. ಜನ ಬೇರೆ ಬೇರೆ ಕೇಳಿದರು, ಅವರು ಸಿನಿಮಾದ ಬಗ್ಗೆ ಮಾತ್ರ ಮಾತಾಡೋಣ ಅಂದರು. ಎಎಂಎ ಕೆಟ್ಟದಾಗಿ ಹೋಗುವುದಕ್ಕೆ ಉದಾಹರಣೆ ಬೇಕಾದಾಗ ಜನ ಇವತ್ತಿಗೂ ಅದನ್ನೇ ಎತ್ತುತ್ತಾರೆ. ನನಗೆ ಮಾತ್ರ ಪಾಪ ಅನಿಸುತ್ತದೆ. ಪ್ರಚಾರಕ್ಕೆ ಬಂದೆ ಅಂತ ಅವರು ಮುಚ್ಚಿಡಲಿಲ್ಲ. ಆಮೇಲೆ ಬಂದವರು ಜಾಣರಾದರು. ಮೊದಲು ನಾಲ್ಕು ತಮಾಷೆ ಉತ್ತರ, ನಾಯಿಮರಿಯ ಫೋಟೋ, ಕೊನೆಗೆ ಸಿನಿಮಾದ ಕೊಂಡಿ. ಕೆಲಸ ಅದೇ.

ನನ್ನ ತಾಳ್ಮೆ ತಪ್ಪಿದ್ದು ಒಬ್ಬ ಲೇಖಕರ ಸೆಷನ್‌ನಲ್ಲಿ. ಹೆಸರು ಬೇಡ. ಅವರ ಪುಸ್ತಕದ ಒಂದು ವಾದ ಇನ್ನೊಂದು ಅಧ್ಯಾಯದ ವಾದಕ್ಕೆ ವಿರುದ್ಧ ಇದೆಯಲ್ಲ ಅಂತ ಕೇಳಿದ್ದೆ. ರಾತ್ರಿ ಎದ್ದು ಕೂತು, ವಿನಯದಿಂದಲೇ ಕೇಳಿದ್ದೆ. ಉತ್ತರ ಬಂತು. "ಬಹಳ ಒಳ್ಳೆಯ ಪ್ರಶ್ನೆ! ನನ್ನ ಮುಂದಿನ ಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆ." ಜೊತೆಗೆ ಮುಂಗಡ ಬುಕಿಂಗ್ ಕೊಂಡಿ. ಮರುಪ್ರಶ್ನೆ ಹಾಕಿದೆ. ಮೌನ. ಆದರೆ ಅದೇ ಹೊತ್ತಿಗೆ ಅವರು ಮೇಲಿನ ಥ್ರೆಡ್‌ನಲ್ಲಿ ಯಾರೋ ಹೊಗಳಿದ್ದಕ್ಕೆ ಹೃದಯದ ಎಮೋಜಿ ಹಾಕುತ್ತಾ ಇದ್ದರು. ಬಂದವರು ಅವರೋ, ಅವರ ಪ್ರಕಾಶಕರ ಪ್ರಚಾರ ವಿಭಾಗದವರೋ ಯಾರಿಗೆ ಗೊತ್ತು.

ಇನ್ನೊಬ್ಬರು ಟೈಪ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರೆಡಿಟ್‌ನಲ್ಲಿ ವಿಕ್ಟೋರಿಯಾ ಟೇಲರ್ ಅನ್ನುವ ಉದ್ಯೋಗಿ ಇದ್ದರು. ಎಷ್ಟೋ ಗಣ್ಯರ ಪಕ್ಕದಲ್ಲಿ ಕೂತೋ ಫೋನಿನಲ್ಲೋ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದರು. ಅವರು ನಡೆಸಿದ ಹಳೆಯ ಸೆಷನ್‌ಗಳನ್ನು ಓದಿದರೆ ಅತಿಥಿಯ ದನಿಯೇ ಕೇಳಿಸುತ್ತದೆ. ವಯಸ್ಸಾದ ನಟರು ಎಲ್ಲಿ ನಿಲ್ಲಿಸಿದರು, ಎಲ್ಲಿ ನಕ್ಕರು ಅಂತ ಕೂಡ ಗೊತ್ತಾಗುತ್ತದೆ. ಎದುರಿಗೆ ಒಬ್ಬ ಮನುಷ್ಯ ಕೂತು ಕೇಳುತ್ತಿದ್ದಾಗ ಮಾತು ತಾನಾಗಿ ಮುಂದಕ್ಕೆ ಹೋಗುತ್ತದೆ, ಅಲ್ವಾ? 2015ರ ಜುಲೈ ಆರಂಭದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಗ ಎಎಂಎ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಮಾಡರೇಟರ್‌ಗಳು ಆ ವಿಭಾಗವನ್ನೇ ಮುಚ್ಚಿದರು. ಅವರನ್ನು ನೋಡಿ ಇನ್ನೂ ನೂರಾರು ವಿಭಾಗಗಳು ಬಾಗಿಲು ಹಾಕಿದವು. ಹತ್ತನೇ ತಾರೀಕಿಗೆ ಕಂಪನಿಯ ಮುಖ್ಯಸ್ಥೆ ಎಲೆನ್ ಪಾವ್ ರಾಜೀನಾಮೆ ಕೊಟ್ಟರು. ಸಂಬಳವಿಲ್ಲದೆ ಕೆಲಸ ಮಾಡುವ ಮಾಡರೇಟರ್‌ಗಳು ಒಬ್ಬ ಉದ್ಯೋಗಿಗಾಗಿ ಅಷ್ಟು ಸಿಟ್ಟಾದರು ಅಂದರೆ, ಆ ಸೆಷನ್‌ಗಳು ಯಾರಿಂದ ನಡೆಯುತ್ತಿದ್ದವು ಅಂತ ಲೆಕ್ಕ ಹಾಕಿಕೊಳ್ಳಿ.

ನನ್ನ ಅಳತೆಗೋಲಿಗೆ ಸಿಗದೆಯೂ ಇಷ್ಟವಾದದ್ದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಸೆಷನ್. 2015ರ ಜುಲೈನಲ್ಲಿ ಪ್ರಶ್ನೆ ಸಂಗ್ರಹಿಸಿದರು, ಉತ್ತರ ಬಂದದ್ದು ಅಕ್ಟೋಬರ್‌ನಲ್ಲಿ. ಯಂತ್ರದ ಮೂಲಕ ಅವರು ಮಾತಾಡುವ ವೇಗಕ್ಕೆ ಲೈವ್ ಸಾಧ್ಯವೇ ಇರಲಿಲ್ಲ. ಕೃತಕ ಬುದ್ಧಿಮತ್ತೆಯ ಅಪಾಯ ಅದರ ದುಷ್ಟತನದಲ್ಲಿಲ್ಲ, ಸಾಮರ್ಥ್ಯದಲ್ಲಿದೆ ಅಂದರು. ಜಲವಿದ್ಯುತ್ ಯೋಜನೆಗೆ ಮುಳುಗುವ ಜಾಗದಲ್ಲಿ ಇರುವೆ ಗೂಡು ಇದ್ದರೆ, ಇಂಜಿನಿಯರ್‌ಗೆ ಇರುವೆಗಳ ಮೇಲೆ ದ್ವೇಷ ಇಲ್ಲದಿದ್ದರೂ ಇರುವೆಗಳ ಗತಿ ಮುಗಿಯಿತು ಅಂತ ವಿವರಿಸಿದರು. ಅದನ್ನು ಚಾಟ್ ಅನ್ನುವುದಕ್ಕಿಂತ ಪತ್ರ ಅನ್ನಬೇಕು. ಮೂರು ತಿಂಗಳು ತಗೊಂಡು ಹೀಗೆ ಬರೆಯುವುದಾದರೆ ಮರುಪ್ರಶ್ನೆ ಇಲ್ಲದಿದ್ದರೂ ನಡೆಯುತ್ತದೆ. ಆ ಸೆಷನ್ ನಡೆದ ವಿಜ್ಞಾನ ವಿಭಾಗ 2018ರಲ್ಲಿ ಎಎಂಎಗಳನ್ನೇ ನಿಲ್ಲಿಸಿತು. ಪೋಸ್ಟ್‌ಗಳನ್ನು ಜನರಿಗೆ ತೋರಿಸುವ ಕ್ರಮ ಬದಲಾಗಿ, ವಿಜ್ಞಾನಿಗಳು ಬಂದು ಕೂತರೂ ಜನರ ಕಣ್ಣಿಗೆ ಬೀಳುತ್ತಿರಲಿಲ್ಲ.

ಬೇರೆ ಕಡೆಯ ಕಥೆ ಚಿಕ್ಕದಾಗಿ ಹೇಳುತ್ತೇನೆ. ಎಕ್ಸ್‌ನಲ್ಲಿ ಶಾರುಖ್ ಖಾನ್ ಆಗಾಗ ನಡೆಸುವ ಆಸ್ಕ್‌ಎಸ್‌ಆರ್‌ಕೆ ಶುದ್ಧ ಟೈಮ್‌ಪಾಸ್, ಮತ್ತು ಅದು ತಾನು ಟೈಮ್‌ಪಾಸ್ ಅಂತ ಮುಚ್ಚಿಡುವುದೂ ಇಲ್ಲ. ಕೆಣಕಿದವರಿಗೆ ಒಂದೇ ಸಾಲಿನಲ್ಲಿ ಚುರುಕು ಮುಟ್ಟಿಸುತ್ತಾರೆ. ಮರುಪ್ರಶ್ನೆಯ ಆಸೆ ಯಾರಿಗೂ ಇರುವುದಿಲ್ಲ. ಹ್ಯಾಷ್‌ಟ್ಯಾಗ್ ಕೈಕೊಟ್ಟದ್ದೂ ಉಂಟು. 2013ರಲ್ಲಿ ಜೆಪಿ ಮಾರ್ಗನ್ ಬ್ಯಾಂಕ್ ಹೀಗೆ ಪ್ರಶ್ನೆ ಕೇಳಿ ಅಂತ ಕರೆದು, ಬಂದ ಚುಚ್ಚು ಪ್ರಶ್ನೆಗಳ ಪ್ರವಾಹ ನೋಡಿ, ಸೆಷನ್ ನಡೆಯುವ ಮೊದಲೇ ರದ್ದು ಮಾಡಿತು. ಇನ್‌ಸ್ಟಾಗ್ರಾಂನ ಪ್ರಶ್ನೆ ಸ್ಟಿಕ್ಕರ್ 2018ರಲ್ಲಿ ಬಂದದ್ದು. ಅದರಲ್ಲಿ ಯಾವ ಪ್ರಶ್ನೆ ತೋರಿಸಬೇಕು ಅಂತ ಅತಿಥಿಯೇ ಆರಿಸುತ್ತಾರೆ. ಉಳಿದವರು ಏನು ಕೇಳಿದರು ಅಂತ ನಮಗೆ ಕಾಣುವುದಿಲ್ಲ. ಮಾಮೂಲಿ ಸ್ಟೋರಿಯಾದರೆ 24 ಗಂಟೆಯಲ್ಲಿ ಮಾಯ. ಕನ್ನಡಿ ಮುಂದೆ ನಿಂತು ಮಾತಾಡುವವರಿಗೆ ಒಳ್ಳೆಯ ಸಾಧನ.

ಯೂಟ್ಯೂಬ್ ಲೈವ್‌ನಲ್ಲಿ ಸೂಪರ್ ಚಾಟ್ ಇದೆ, 2017ರಿಂದ. ಜಾಸ್ತಿ ಕಾಸು ಕೊಟ್ಟರೆ ನಿಮ್ಮ ಪ್ರಶ್ನೆ ಜಾಸ್ತಿ ಹೊತ್ತು ಮೇಲೆ ನಿಲ್ಲುತ್ತದೆ. ಎಕ್ಸ್‌ನಲ್ಲೂ ಕಾಸು ಕೊಟ್ಟವರ ಉತ್ತರಗಳು ಮೇಲೆ ಬರುತ್ತವೆ. ವೋಟಿನ ಬಗ್ಗೆ ಇಷ್ಟು ಬೈದೆ, ನಿಜ. ಆದರೂ ಹಣಕ್ಕಿಂತ ವೋಟು ವಾಸಿ. ಕಾಸು ಕೊಟ್ಟು ಕೇಳಿದವರಿಗೆ ಅತಿಥಿ ಮೊದಲು ಧನ್ಯವಾದ ಹೇಳುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ಧನ್ಯವಾದ ಹೇಳಿಸಿಕೊಂಡವರ ಜೊತೆ ವಾದ ಮಾಡುವುದು ಯಾರಿಗೂ ಸುಲಭವಲ್ಲ.

ಇಷ್ಟು ಬೈದ ಮೇಲೂ ರಾತ್ರಿ ಎದ್ದು ಕೂರುವುದು ಯಾಕೆ? ಹೆಸರಿಲ್ಲದವರಿಗಾಗಿ.

ರೆಡಿಟ್‌ನ ಹಳಬರಿಗೆಲ್ಲ ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುವ ಒಬ್ಬರ ಸೆಷನ್ ನೆನಪಿರುತ್ತದೆ. ಇದನ್ನು ಯಾರು ಕೇಳುತ್ತಾರೆ ಅಂತ ಅವರಿಗೇ ಆಶ್ಚರ್ಯ. ಜನ ಮುಗಿಬಿದ್ದರು. ಚೀಲ ಇರುವ ಯಂತ್ರ ಕೊಳ್ಳಿ, ಚೀಲ ಇಲ್ಲದ್ದು ಬೇಡ ಅಂತ ಖಡಕ್ಕಾಗಿ ಹೇಳಿದರು, ಕಾರಣವನ್ನೂ ಬಿಡಿಸಿ ಹೇಳಿದರು. ಜನ ವಾದ ಮಾಡಿದರೆ ಕೂತು ಉತ್ತರಿಸಿದರು. ಆಮೇಲೂ ಹಲವು ಸಲ ಬಂದರು. ಅವರಿಗೆ ಮಾರಬೇಕಾದ ಸಿನಿಮಾ ಇರಲಿಲ್ಲ, ಕಾಪಾಡಿಕೊಳ್ಳಬೇಕಾದ ಇಮೇಜೂ ಇರಲಿಲ್ಲ. ತಮ್ಮ ಕೆಲಸದ ಬಗ್ಗೆ ಯಾರೋ ಮೊದಲ ಸಲ ಕೇಳಿದ ಖುಷಿ ಸಾಲುಸಾಲಿನಲ್ಲೂ ಕಾಣುತ್ತದೆ.

ನನಗೆ ಸಿಕ್ಕ ಅಂಥವರು ಲಿಫ್ಟ್ ಮೆಕ್ಯಾನಿಕ್ ಒಬ್ಬರು. ಆ ಥ್ರೆಡ್‌ಗೆ ಬಂದವರು ಬೆರಳೆಣಿಕೆಯಷ್ಟು ಜನ. ಬಾಗಿಲು ಮುಚ್ಚುವ ಗುಂಡಿ ನಿಜವಾಗಿ ಕೆಲಸ ಮಾಡುತ್ತಾ ಅಂತ ಯಾರೋ ಕೇಳಿದ್ದರು. ಎಷ್ಟೋ ಲಿಫ್ಟ್‌ಗಳಲ್ಲಿ ಬಾಗಿಲು ಇಷ್ಟು ಹೊತ್ತು ತೆರೆದಿರಲೇಬೇಕು ಅಂತ ಮೊದಲೇ ಹೊಂದಿಸಿರುತ್ತಾರೆ, ಅಲ್ಲಿವರೆಗೆ ನೀವು ಎಷ್ಟು ಒತ್ತಿದರೂ ಸುಮ್ನೆ, ಆದರೆ ಅಗ್ನಿಶಾಮಕದವರು ತಮ್ಮ ಕೀಲಿ ಹಾಕಿದಾಗ ಅದೇ ಗುಂಡಿಯಿಂದ ಬಾಗಿಲನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ ಅಂದರು. ಹಗ್ಗ ಕಡಿದರೆ ಅಂತ ಇನ್ನೊಬ್ಬರು. ಉಕ್ಕಿನ ಹಗ್ಗ ಒಂದಲ್ಲ, ಹಲವು ಇರುತ್ತವೆ, ವೇಗ ಮಿತಿ ಮೀರಿದರೆ ಹಳಿಯನ್ನೇ ಕಚ್ಚಿ ಹಿಡಿಯುವ ಸುರಕ್ಷತಾ ಬ್ರೇಕ್ ಬೇರೆ ಇರುತ್ತದೆ ಅಂದರು. ಇಲ್ಲಿ ನಾನು ನುಗ್ಗಿದೆ. ಹಗ್ಗ ಗಟ್ಟಿ ಇದೆ, ಸರಿ. ಖಾಲಿ ಲಿಫ್ಟ್‌ನ ಮೋಟಾರಿನ ಬ್ರೇಕ್ ಕೈಕೊಟ್ಟರೆ? ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಹೋಗುತ್ತದೆ ಅಂದರು.

ಮೇಲಕ್ಕಾ? ಅಂತ ಕೇಳಿದೆ. ಅವರು ತಿರುಗಿ ಬಂದರು. ಇನ್ನೊಂದು ಬದಿಯಲ್ಲಿ ಸಮತೂಕದ ಭಾರ ತೂಗುತ್ತಿರುತ್ತದೆ. ಅದರ ತೂಕ ಖಾಲಿ ಲಿಫ್ಟ್‌ನ ತೂಕದ ಜೊತೆಗೆ ಪೂರ್ಣ ಹೊರೆಯ ಶೇ 40ರಿಂದ 50ರಷ್ಟು. ಹಾಗಾಗಿ ಖಾಲಿ ಲಿಫ್ಟ್‌ಗಿಂತ ಆ ಕಡೆಯೇ ಭಾರ. ಹಾಗಾದರೆ ಮೇಲೆ ಹೋಗಿ ಚಾವಣಿಗೆ ಗುದ್ದುತ್ತಾ? ಮತ್ತೆ ಬಂದರು. ಹೊಸ ಲಿಫ್ಟ್‌ಗಳಲ್ಲಿ ಮೇಲ್ಮುಖವಾಗಿ ಓಡುವುದನ್ನು ತಡೆಯುವ ಏರ್ಪಾಡೂ ಇರುತ್ತದೆ, ಅದಲ್ಲದೆ ಆ ಭಾರ ಲಿಫ್ಟ್ ಹೊಂಡದ ತಳದಲ್ಲಿರುವ, ಹೊಡೆತ ತಡೆಯುವ ಬಫರ್ ಮೇಲೆ ಕೂತುಬಿಡುತ್ತದೆ, ಮೇಲೆ ಅದಕ್ಕೆಂದೇ ಜಾಗ ಬಿಟ್ಟಿರುತ್ತಾರೆ ಅಂದರು. ಅಷ್ಟರಲ್ಲಿ ಎಲ್ಲಿಂದಲೋ ಇನ್ನೊಬ್ಬ ಅಪರಿಚಿತರು ಬಂದು, "ಕೆಳಗಿನಿಂದ ಪಿಸ್ಟನ್ ತಳ್ಳುವ ಹೈಡ್ರಾಲಿಕ್ ಲಿಫ್ಟ್‌ಗೆ ಈ ಲೆಕ್ಕ ಹೊಂದಲ್ಲ ಸಾರ್, ಅದರಲ್ಲಿ ಸಾಮಾನ್ಯವಾಗಿ ಆ ಭಾರವೇ ಇರಲ್ಲ" ಅಂದರು. ಇಬ್ಬರೂ ಸೇರಿ ಎಣ್ಣೆ ಸೋರಿಕೆಯ ಬಗ್ಗೆ ಮಾತು ಶುರು ಮಾಡಿದರು. ನನ್ನನ್ನು ಮರೆತೇಬಿಟ್ಟರು. ನಾನು ಬೆಳಗಿನ ಜಾವದವರೆಗೆ ಬಾಯಿ ಮುಚ್ಚಿಕೊಂಡು ಓದಿದೆ. ಯಾವ ನಟ, ಯಾವ ಅಧ್ಯಕ್ಷ ಇದನ್ನು ಕೊಡುತ್ತಾರೆ ಹೇಳಿ?

ಇದೇ ಜಾತಿಯ ಸುಖ ರೆಡಿಟ್‌ನಲ್ಲಿ ಇತಿಹಾಸದ ಪ್ರಶ್ನೆ ಕೇಳುವ ಆಸ್ಕ್‌ಹಿಸ್ಟೋರಿಯನ್ಸ್ ವಿಭಾಗದಲ್ಲಿ ಸಿಗುತ್ತದೆ. ಅಲ್ಲಿ 20 ವರ್ಷದೊಳಗಿನ ಘಟನೆ ಕೇಳುವ ಹಾಗಿಲ್ಲ. ಮೂಲ ಗೊತ್ತಿಲ್ಲದೆ ಬರೆದರೆ ಮಾಡರೇಟರ್‌ಗಳು ಕಿತ್ತು ಹಾಕುತ್ತಾರೆ. ಜಗತ್ತಿನ ಅತ್ಯಂತ ಸಿಡುಕು ಜಾಗ ಅಂತ ಮೊದಲು ಅನಿಸುತ್ತದೆ, ಇಡೀ ಥ್ರೆಡ್ ತುಂಬಾ ಅಳಿಸಿದ ಕಾಮೆಂಟ್‌ಗಳು. ಆದರೆ ಅಲ್ಲಿ ಮರುಪ್ರಶ್ನೆ ಕೇಳಿದರೆ ಮೊದಲ ಉತ್ತರಕ್ಕಿಂತ ಉದ್ದದ ಉತ್ತರ ಬಂದದ್ದಿದೆ. ಒಂದೆರಡು ದಿನ ಕಾಯುವ ತಾಳ್ಮೆ ಬೇಕು ಅಷ್ಟೆ.

ಅಪರಿಚಿತರ ಜೊತೆ ಒಂದು ತೊಂದರೆ ಇದೆ. ಅವರು ಹೇಳಿದ್ದು ನಿಜವೋ ಸುಳ್ಳೋ? ತಮ್ಮ ಬಳಕೆದಾರ ಹೆಸರು, ತಾರೀಕು ಕೈಯಲ್ಲಿ ಬರೆದ ಚೀಟಿ ಹಿಡಿದು ಫೋಟೋ ಹಾಕುವುದು ಹಳೆಯ ಪದ್ಧತಿ. ಈಗ ಕಂಪ್ಯೂಟರ್ ಆ ಚೀಟಿಯನ್ನೂ, ಹಿಡಿದ ಕೈಯನ್ನೂ ಬರೆದುಕೊಡುತ್ತದೆ. 2023ರಲ್ಲಿ ರೆಡಿಟ್ ತನ್ನ ಎಪಿಐ, ಅಂದರೆ ಹೊರಗಿನ ಆಪ್‌ಗಳು ಅದರ ಮಾಹಿತಿ ಪಡೆಯುವ ದಾರಿ, ಅದರ ಬಳಕೆಗೆ ದುಬಾರಿ ದರ ಇಟ್ಟು ಗಲಾಟೆ ಆಯಿತಲ್ಲ, ಅದರ ನಂತರ ಎಎಂಎ ವಿಭಾಗದ ಸ್ವಯಂಸೇವಕರು ಗಣ್ಯರನ್ನು ಹುಡುಕಿ ಕರೆಯುವುದು, ವೇಳಾಪಟ್ಟಿ ನೋಡಿಕೊಳ್ಳುವುದು, ಗುರುತು ಪರಿಶೀಲಿಸುವುದು ಇಂಥ ಕೆಲಸಗಳನ್ನು ಕೈಬಿಡುವುದಾಗಿ ಹೇಳಿದರು. ಬಿಟ್ಟಿ ಕೆಲಸ ಎಷ್ಟು ದಿನ ಮಾಡುತ್ತಾರೆ, ಪಾಪ. ಆಮೇಲೆ ಪಟ್ಟಿಯಲ್ಲಿ ಏನೇನೋ ಬರತೊಡಗಿತು. ಆಪ್ ಮಾರುವವರು, ಕೋರ್ಸ್ ಮಾರುವವರು. ಇಲ್ಲೂ ನನ್ನ ಅಳತೆಗೋಲೇ ಕೆಲಸಕ್ಕೆ ಬರುತ್ತದೆ. ಸುಳ್ಳು ಹೇಳುವವರು ಮೊದಲ ಪ್ರಶ್ನೆಯನ್ನು ಚೆನ್ನಾಗಿ ನಿಭಾಯಿಸುತ್ತಾರೆ. ಮೂರನೇ ಮರುಪ್ರಶ್ನೆಯ ಹೊತ್ತಿಗೆ, ಅದೇ ಕೆಲಸ ಮಾಡುವ ಇನ್ನೊಬ್ಬರು ಬಂದು ಹಿಡಿದುಬಿಡುತ್ತಾರೆ.

ಇನ್ನೊಂದು ಕೊರತೆಗೆ ಮದ್ದಿಲ್ಲ. ಅಪರಿಚಿತರು ಖಾತೆ ಅಳಿಸಿಕೊಂಡು ಹೋಗುತ್ತಾರೆ. ಹೋಗುವಾಗ ಕೆಲವರು ಬರೆದದ್ದನ್ನೂ ಅಳಿಸುತ್ತಾರೆ. ಪ್ರಶ್ನೆ ಉಳಿದು ಉತ್ತರ ಖಾಲಿಯಾಗಿರುವ ಥ್ರೆಡ್ ಕಂಡರೆ ಹೊಟ್ಟೆ ಉರಿಯುತ್ತದೆ. "ವಾವ್, ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ" ಅಂತ ಕೆಳಗೆ ಹತ್ತು ಜನ ಬರೆದಿರುತ್ತಾರೆ, ಮೇಲೆ ಏನೂ ಇಲ್ಲ. ಸೇವ್ ಒತ್ತಿದರೆ ಉಳಿಯುವುದು ಕೊಂಡಿ ಮಾತ್ರ. ಇಷ್ಟವಾದದ್ದನ್ನು ನೋಟ್ಸ್‌ಗೆ ನಕಲು ಮಾಡಿ ಇಟ್ಟುಕೊಳ್ಳಿ.

ಹೊಸಬರಿಗೆ ಹೇಳುವುದಾದರೆ, ಗಣ್ಯರ ಸೆಷನ್‌ಗೆ ನಿದ್ದೆ ಕೆಡಬೇಡಿ. ಮರುದಿನ ಓದಿ. ಕಾಮೆಂಟ್‌ಗಳ ಕ್ರಮವನ್ನು ಪ್ರಶ್ನೋತ್ತರ ಅನ್ನುವ ಆಯ್ಕೆಗೆ ಬದಲಿಸಿದರೆ ಅತಿಥಿ ಉತ್ತರಿಸಿದ್ದು ಮುಂದೆ ಬರುತ್ತದೆ. ವೋಟು ಕಡಿಮೆ ಇರುವ, ಯಾವುದೋ ಕಸುಬಿನವರ ಸೆಷನ್ ಕಂಡರೆ ಮಾತ್ರ ಆ ಕ್ಷಣವೇ ನುಗ್ಗಿ. ಅಲ್ಲಿ ನೀವು ಕೇಳಿದ್ದನ್ನು ಅವರು ಖಂಡಿತ ಓದುತ್ತಾರೆ. ಸ್ಟಾರ್ ಕೊಡಲೇಬೇಕು ಅಂದರೆ ಗಣ್ಯರಿಗೆ ಎರಡು, ಅಪರಿಚಿತರಿಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಅಳಿಸಿ ಹೋದವರ ಲೆಕ್ಕಕ್ಕೆ.

ಬರಲಿರುವ ಅತಿಥಿ ಹೇಗೆ ಅಂತ ಮೊದಲೇ ತಿಳಿಯಲು ನನಗೊಂದು ಉಪಾಯ ಇದೆ. ಅವರು ಈ ಹಿಂದೆ ಸೆಷನ್ ನಡೆಸಿದ್ದರೆ ಅವರ ಪ್ರೊಫೈಲ್ ತೆರೆಯಿರಿ. ಅವರು ಮರೆಮಾಡಿರದಿದ್ದರೆ ಬರೆದ ಕಾಮೆಂಟ್‌ಗಳು ತಾರೀಕಿನ ಪ್ರಕಾರ ಸಿಗುತ್ತವೆ. ಒಂದೇ ವ್ಯಕ್ತಿಗೆ ಎರಡು ಸಲ ಉತ್ತರ ಕೊಟ್ಟಿದ್ದಾರಾ ನೋಡಿ. ಸೆಷನ್ ಮುಗಿಯಿತು ಅಂತ ಘೋಷಿಸಿದ ಮೇಲೂ, ಮರುದಿನ ಬಂದು ಏನಾದರೂ ಬರೆದಿದ್ದಾರಾ ನೋಡಿ. ಬರೆದಿದ್ದರೆ ಅಲಾರಂ ಇಟ್ಟುಕೊಳ್ಳಿ.